ಕುಲ್ಸುಮ್ ಬೀಯ ತೊಲ

ಹುಮನಾಬಾದಿನ ಹಳೆ ಬಜಾರಿನಲ್ಲಿ ಕುಲ್ಸುಮ್ ಬೀ ಕೂರುತ್ತಿದ್ದ ಜಾಗ ಮೂರು ಮೊಳ ಅಗಲ. ಅವಳ ಎಡಗಡೆಗೆ ನಾನು ಕುಂಕುಮ, ವಿಭೂತಿ, ಊದಿನಕಡ್ಡಿ ಇಟ್ಟುಕೊಂಡು ಕೂರುತ್ತಿದ್ದೆ. ನನ್ನ ಗಂಡ ತೀರಿದ ಎರಡನೆಯ ವರ್ಷ ಅಲ್ಲಿ ಕೂತವಳು, ಮೂವತ್ತೊಂದು ವರ್ಷ ಅವಳ ತಕ್ಕಡಿಯನ್ನು ಪಕ್ಕದಿಂದ ನೋಡಿದ್ದೇನೆ. ಅವಳ ವಿಷಯ ನಾನು ಹೇಳಿದರೆ ಅದು ಯಾರದೋ ಬಾಯಿಂದ ಕೇಳಿದ ಮಾತಲ್ಲ.

ಅವಳು ಮಾರುತ್ತಿದ್ದುದು ಏಲಕ್ಕಿ, ಲವಂಗ, ಚಕ್ಕೆ, ಜಾಕಾಯಿ, ಲೋಬಾನ. ಹುಟ್ಟಿದ್ದು ಹುಲಸೂರಿನಲ್ಲಿ. ಗಂಡ ಅಜೀಮುದ್ದೀನ್ ಸೈಕಲ್ಲಿಗೆ ಮಸಾಲೆ ಚೀಲ ಕಟ್ಟಿಕೊಂಡು ಹಳ್ಳಿ ತಿರುಗುತ್ತಿದ್ದ. ರಾಜೇಶ್ವರದ ರಸ್ತೆಯಲ್ಲಿ ಲಾರಿ ಹೊಡೆದು ಸತ್ತ. ಗಂಡ ಸತ್ತವಳು ಹಿಡಿಯುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅವಳು ಮನೆಯೊಳಗಿದ್ದಳು. ಅದು ಮುಗಿದ ಮರುದಿನ ಅತ್ತೆ ಅವಳ ಕೈಗೆ ತಕ್ಕಡಿ ಕೊಟ್ಟಳು, ಜೊತೆಗೆ ಒಂದು ಬೆಳ್ಳಿ ರೂಪಾಯಿ ಕೊಟ್ಟಳು. ನಿಜಾಮರ ಕಾಲದ್ದು. ಹಾಲಿ ಸಿಕ್ಕಾ ಎನ್ನುತ್ತಿದ್ದರು. ಒಂದು ಬದಿಗೆ ಚಾರ್‌ಮಿನಾರ್ ಇತ್ತು, ನಾಲ್ಕು ಮಿನಾರಿನ ತುದಿಯೂ ಸವೆದಿತ್ತು.

“ಇದು ಒಂದು ತೊಲ,” ಅಂದಳಂತೆ ಅತ್ತೆ. “ಇದರ ಮ್ಯಾಲ ನಮ್ಮ ಮನಿ ನಿಂತದ. ಯಾರಿಗೂ ಕಡಿಮಿ ಹಾಕಬ್ಯಾಡ.”

ಈಗ ಎಲ್ಲ ಅಂಗಡಿಯಲ್ಲೂ ಲೈಟು ಹತ್ತುವ ಕಾಟಾ, ಕರೆಂಟಿನ ತಕ್ಕಡಿ, ಬಂದಿದೆ. ಆದರೂ ಹಳ್ಳಿಯ ಹೆಂಗಸರು ಏಲಕ್ಕಿಯನ್ನು ತೊಲದ ಲೆಕ್ಕದಲ್ಲೇ ಕೇಳುತ್ತಾರೆ. ಕುಲ್ಸುಮ್ ಬೀ ಒಂದು ತಟ್ಟೆಗೆ ರೂಪಾಯಿ ಇಟ್ಟು, ಇನ್ನೊಂದಕ್ಕೆ ಏಲಕ್ಕಿ ಸುರಿದು, ಮುಳ್ಳು ನೆಟ್ಟಗೆ ನಿಲ್ಲುವತನಕ ಉಸಿರು ಬಿಡುತ್ತಿರಲಿಲ್ಲ. ಗಾಳಿ ಬಂದರೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಮುಳ್ಳು ನಿಂತ ಮೇಲೆ ಏಲಕ್ಕಿಯಾದರೆ ಮೂರು ಕಾಯಿ, ಲವಂಗವಾದರೆ ಏಳು, ಕೊಸರೆಂದು ಮೇಲೆ ಹಾಕುತ್ತಿದ್ದಳು. ಕೇಳಿದವರಿಗೂ ಅಷ್ಟೇ, ಕೇಳದವರಿಗೂ ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಆ ಮೂರು ಕಾಯಿ ಎರಡಾದದ್ದನ್ನು ನಾನು ನೋಡಿಲ್ಲ.

ಬಜಾರಿನಲ್ಲಿ ತೂಕದ ಜಗಳ ಎದ್ದರೆ “ನಡೀರಿ, ಬೀ ಕಡೆ ಹೋಗೋಣ” ಎನ್ನುತ್ತಿದ್ದರು. ಕಾಲುಂಗುರ ಕೊಂಡವರೂ ಅವಳ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿಸಿ ನಿಶ್ಚಿಂತೆಯಿಂದ ಊರಿಗೆ ಹೋಗುತ್ತಿದ್ದರು. ಅದಕ್ಕೆ ಅವಳು ಒಂದು ಪೈಸೆ ಮುಟ್ಟಿದವಳಲ್ಲ. ಮಣ್ಣಿನ ಮನೆ, ಮೊಣಕಾಲು ನೋವು, ಹುಲಸೂರಿಗೆ ಕೊಟ್ಟ ಒಬ್ಬಳೇ ಮಗಳು ಇಶ್ರತ್. ಇವು ಬಿಟ್ಟರೆ ಅವಳಿಗಿದ್ದ ಆಸ್ತಿಯೆಂದರೆ ‘ಬೀ ಕಡೆ ಹೋಗೋಣ’ ಎಂಬ ಆ ಮಾತೇ.

ಎರಡು ವರ್ಷದ ಹಿಂದೆ ಬಸವಕಲ್ಯಾಣದಿಂದ ಪ್ರೇಮಕುಮಾರ ಎಂಬವರು ಬಂದರು. ನಿವೃತ್ತ ಮಾಸ್ತರರು, ಹಳೆ ನಾಣ್ಯ ಕೂಡಿಸುವ ಹುಚ್ಚು. ಒಳ್ಳೆಯ ಮನುಷ್ಯರು, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ಅವರನ್ನು ಬೈಯಬಾರದು. ಲವಂಗ ಕೊಳ್ಳಲು ಬಗ್ಗಿದವರು ತಟ್ಟೆಯಲ್ಲಿದ್ದ ರೂಪಾಯಿ ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

“ಬೀ, ಮುಂದಿನ ಐತವಾರ ನಮ್ಮಲ್ಲಿ ಹಳೆ ನಾಣ್ಯದ ಸ್ಪರ್ಧೆ ಅದ. ದೋಸ್ತಿ ಸ್ಪರ್ಧೆ. ಗೆದ್ದವರಿಗೂ ರೊಕ್ಕ ಇಲ್ಲ, ಸೋತವರಿಗೂ ಇಲ್ಲ. ಬಂದ ರೊಕ್ಕ ಎಲ್ಲಾ ಕಿವುಡ ಮಕ್ಕಳ ಕಿವಿ ಮಷೀನಿಗೆ. ಈ ರೂಪಾಯಿ ತರ್ರಿ.”

“ಇದು ನನ್ನ ಬಾಟ್‌ ರೀ ಸರ್, ತೂಕದ ಕಲ್ಲು,” ಅಂದಳು ಬೀ. “ಸ್ಪರ್ಧಿಗಿ ಕೂಡೋದಲ್ಲ, ಕೆಲಸಕ್ಕ ಕೂಡೋದು.”

ಅವಳು ಅಷ್ಟಕ್ಕೇ ಬಿಟ್ಟಿದ್ದಳು. ಬಿಡದವಳು ನಾನು. “ಬೀ, ಮಕ್ಕಳ ಪುಣ್ಯ ಬರ್ತದ. ಬಸ್ಸು ಹೆಂಗಸರಿಗೆ ಫುಕಟ್. ನಡಿ, ಒಂದಿನ ಕಲ್ಯಾಣ ನೋಡಿ ಬರೋಣ,” ಎಂದು ನಾಲ್ಕು ದಿನ ಕಾಡಿದೆ. ನನ್ನ ಮನಸ್ಸಿನಲ್ಲಿ ಮಕ್ಕಳ ಪುಣ್ಯಕ್ಕಿಂತ ಹೆಚ್ಚಾಗಿ ಇದ್ದುದು ಬಸ್ಸಿನ ಕಿಟಕಿ. ಆರು ವರ್ಷದಿಂದ ನಾನು ಹುಮನಾಬಾದ ದಾಟಿರಲಿಲ್ಲ.

“ಆಯ್ತು ಮಾರಾಯ್ತಿ,” ಅಂದಳು ಐದನೆಯ ದಿನ. “ನೀ ಕುಂಕುಮ ಮಾರಾಕಿ ಆಗಬಾರದಿತ್ತು, ವಕೀಲ ಆಗಬೇಕಿತ್ತು.”

ಐತವಾರ ರೂಪಾಯಿಯನ್ನು ಕರವಸ್ತ್ರದಲ್ಲಿ ಕಟ್ಟಿ ಎದೆಗೆ ಇಟ್ಟುಕೊಂಡು ಬಂದಳು. ಬಸ್ಸಿನಲ್ಲಿ ನಮ್ಮ ಬಜಾರಿನವರೇ ಹತ್ತು ಹನ್ನೆರಡು ಮಂದಿ ಇದ್ದರು. ಸ್ಟೀಲ್ ಪಾತ್ರೆಯ ಸುಮನಬಾಯಿಯೂ ಇದ್ದಳು. “ಬೀ ರೂಪಾಯಿ ಇವತ್ತ ಮದುಮಗಳು, ನಾವು ಬೀಗರು,” ಎಂದು ಅವಳು ದಾರಿಯುದ್ದಕ್ಕೂ ನಗಿಸಿದಳು. ಬೀಯೂ ನಕ್ಕಳು.

ಸ್ಪರ್ಧೆ ಒಂದು ಶಾಲೆಯ ದೊಡ್ಡ ಕೋಣೆಯಲ್ಲಿ ಇತ್ತು. ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಗಾಜಿನ ಕೆಳಗೆ ಬೇಳೆಕಾಳಿನಷ್ಟು ಚಿನ್ನದ ಹಣ, ಸುಲ್ತಾನರ ಕಾಲದ ಹಸಿರುಗಟ್ಟಿದ ತಾಮ್ರ, ತೂತಿನ ಪೈಸೆ. ಎಲ್ಲರ ನಾಣ್ಯದ ಮುಂದೆಯೂ ಹೆಸರಿನ ಚೀಟಿ. ಬೀಯ ಚೀಟಿಯಲ್ಲಿ ‘ಕುಲ್ಸುಮ್ ಬೀ, ಹುಮನಾಬಾದ. ಇಂದಿಗೂ ದುಡಿಯುತ್ತಿರುವ ನಾಣ್ಯ’ ಎಂದು ಮಾಸ್ತರರು ಚಂದ ಬರೆದಿದ್ದರು. ನಾನು ಓದಿ ಹೇಳಿದೆ. ಅವಳು ಬುರ್ಖಾದ ಮುಸುಕು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಕಿವುಡ ಮಕ್ಕಳು ಸಾಲಾಗಿ ಬಂದು ನೋಡಿ ಹೋದರು. ಒಬ್ಬ ಹುಡುಗಿಗೆ ಬೀ ಒಂದು ಲವಂಗ ಕೊಟ್ಟಳು.

ಮಧ್ಯಾಹ್ನ ಊಟವಾದ ಮೇಲೆ ಮಾಸ್ತರರು ಮೈಕು ಹಿಡಿದು ಒಂದು ಆಟ ಹೇಳಿದರು. ಒಂದು ನಾಣ್ಯದ ತೂಕ ಎಷ್ಟೆಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಒಂದು ಚೀಟಿಗೆ ಹತ್ತು ರೂಪಾಯಿ, ಅದೂ ಮಕ್ಕಳಿಗೆ. ಸರಿಯಾಗಿ ಹೇಳಿದವರಿಗೆ ಶಾಲು.

“ಯಾವ ನಾಣ್ಯ ತೂಗೋಣ?”

“ಬೀ ರೂಪಾಯಿ!” ಎಂದು ಹುಮನಾಬಾದಿನವರೆಲ್ಲ ಕೂಗಿದರು. ಕೂಗದೆ ಏನು ಮಾಡುತ್ತಾರೆ, ಅದರ ತೂಕ ಗೊತ್ತಿದ್ದವರೇ ಅವರು. ಎಲ್ಲರೂ ಒಂದು ತೊಲ ಎಂದು ಬರೆದರು. ಗ್ರಾಮಿನ ಲೆಕ್ಕ ಬಲ್ಲವರು ಹನ್ನೊಂದು ಪಾಯಿಂಟ್ ಆರು ಆರು ಎಂದು ಬರೆದರು. ಬೀಯೂ ಹತ್ತು ರೂಪಾಯಿ ಕೊಟ್ಟು ನನಗೆ ಅಂದಳು: “ಕೇಶರ, ನಂದೂ ಬರಿ. ಒಂದು ತೊಲ.” ನಾನೇ ಬರೆದೆ. ‘ತೊಲ’ ಎಂಬುದನ್ನು ದೊಡ್ಡದಾಗಿ ಬರೆದೆ. ಒಟ್ಟು ನಾನೂರ ಹನ್ನೆರಡು ಚೀಟಿ ಬಿದ್ದವು.

ಮಾಸ್ತರರ ಕಾಟಾ ಅಂಗೈಯಷ್ಟೇ ಇತ್ತು. ರೂಪಾಯಿ ಇಟ್ಟರು. ಮೈಕಿನಲ್ಲಿ ಓದಿದರು: “ಹನ್ನೊಂದು… ಪಾಯಿಂಟ್ ಸೊನ್ನೆ ಐದು.”

ಸುಮನಬಾಯಿ ಎದ್ದು ನಿಂತಳು. “ಏ ಬೀ! ನಮ್ಮ ಏಲಕ್ಕಿ ಎಲ್ಲಿ ಹೋಯ್ತು?”

ಕೋಣೆಯೇ ನಕ್ಕಿತು. ನಾನೂ ನಕ್ಕೆ. ಅವಳು ಹೇಳಿದ ರೀತಿಗೆ ನಗು ಬಂತು. ಆದರೆ ನಕ್ಕದ್ದು ನಿಜ.

“ಇನ್ನೊಮ್ಮಿ ತೂಗ್ರಿ ಸರ್,” ಅಂದಳು ಬೀ. ಇನ್ನೊಮ್ಮೆ ತೂಗಿದರು. ಅಷ್ಟೇ ಬಂತು. ಮೂರನೆಯ ಸಲ ರೂಪಾಯಿಯನ್ನು ಕರವಸ್ತ್ರದಿಂದ ಒರೆಸಿ ತಾನೇ ಇಟ್ಟಳು. ಅಷ್ಟೇ ಬಂತು.

ಮಾಸ್ತರರು ಸಮಾಧಾನ ಹೇಳಿದರು, ಅದನ್ನೂ ಮೈಕಿನಲ್ಲೇ. “ಬೀ, ನಿಮ್ಮ ತಪ್ಪಿಲ್ಲ. ಇಂಗ್ರೇಜರ ಕಲದಾರ ರೂಪಾಯಿ ಪೂರಾ ಒಂದು ತೊಲ. ನಿಜಾಮರ ಹಾಲಿ ಸಿಕ್ಕಾ ಹುಟ್ಟಿದಾಗಿಂದ ಅರ್ಧ ಗ್ರಾಂ ಕಡಿಮಿ. ಮ್ಯಾಲ ಸವದದ. ತಪ್ಪು ನಿಜಾಮರದು!”

ಮತ್ತೆ ನಕ್ಕರು.

“ನಿಜಾಮರು ಸತ್ತಾರ್ರಿ ಸರ್,” ಅಂದಳು ಬೀ. “ಜವಾಬ್ ಕೊಡಾಕಿ ನಾ ಇದ್ದೀನಿ.”

ಆ ಮಾತು ಮೈಕಿಗೆ ಸಿಗಲಿಲ್ಲ. ನಾನೂರ ಹನ್ನೆರಡರಲ್ಲಿ ಒಂದು ಚೀಟಿಯೂ ಸರಿ ಇರಲಿಲ್ಲವಾದ್ದರಿಂದ ಶಾಲನ್ನು ಬೀಯ ಹೆಗಲಿಗೇ ಹೊದಿಸಿದರು. ಆ ದಿನದ ಆಟಗಳಲ್ಲೆಲ್ಲ ಹೆಚ್ಚು ರೊಕ್ಕ ತಂದದ್ದು ಅವಳ ರೂಪಾಯಿ ಎಂದು ಚಪ್ಪಾಳೆ ಹೊಡೆಸಿದರು. ನಾನು ಆಗ ಎದ್ದು “ಮೂರು ಕಾಯಿ ಕೊಸರು ಹಾಕ್ತಾಳಲ್ಲ, ಅದನ್ನ ತೂಗ್ರಿ” ಎನ್ನಬಹುದಾಗಿತ್ತು. ಅದು ನನಗೆ ಹೊಳೆದದ್ದು ಬಸ್ಸು ಬಂಗ್ಲಾ ಕ್ರಾಸ್ ದಾಟಿದ ಮೇಲೆ. ಬರುವಾಗ ಕಿಟಕಿಯ ಹತ್ತಿರ ನಾನೇ ಕೂತಿದ್ದೆ.

ಮರುದಿನದಿಂದ ಬಜಾರಿಗೆ ಒಂದು ಹೊಸ ಚೇಷ್ಟೆ ಸಿಕ್ಕಿತು. “ಬೀ, ಅರ್ಧ ಗ್ರಾಂ ಬಾಕಿ!” ಎಂದು ಹೋಗುವವರು ಬರುವವರು ಅನ್ನುತ್ತಿದ್ದರು. ಯಾರ ಮನಸ್ಸಿನಲ್ಲೂ ವಿಷವಿರಲಿಲ್ಲ; ಎಲ್ಲರೂ ನಗುತ್ತಲೇ ಹೇಳುತ್ತಿದ್ದರು. ಆದರೆ ಕಾಲುಂಗುರ ತೂಗಿಸಲು ಮಾತ್ರ ಯಾರೂ ಬರಲಿಲ್ಲ. ಮುಡಬಿಯಿಂದ ಬರುವ ಹೆಂಗಸರು ಎದುರಿನ ಅಂಗಡಿಯ ಲೈಟಿನ ಕಾಟಾಕ್ಕೆ ಹೋಗತೊಡಗಿದರು. ಪ್ರೇಮಕುಮಾರ ಮಾಸ್ತರರು ಮನಸ್ಸಿಗೆ ಹಚ್ಚಿಕೊಂಡು ಬಂದು ರೂಪಾಯಿಗೆ ಒಂದೂವರೆ ಸಾವಿರ ಕೊಡುತ್ತೇನೆಂದರು. “ಕಡಿಮಿ ತೂಗೋ ಸಾಮಾನು ನಿಮಗ ಹ್ಯಾಂಗ ಮಾರ್ಲಿ?” ಎಂದು ಕಳಿಸಿಬಿಟ್ಟಳು.

ಹದಿನೈದು ದಿನಕ್ಕೆ ಅವಳು ಕೂರುವುದನ್ನೇ ಬಿಟ್ಟಳು. ಮನೆಗೆ ಹೋಗಿ ನೋಡಿದರೆ ಹಳೆ ಪೇಪರು ಹರಿದು ಏಲಕ್ಕಿಯ ಸಣ್ಣ ಸಣ್ಣ ಪುಡಿಕೆ ಕಟ್ಟುತ್ತಿದ್ದಳು.

“ಏನು ಮಾಡಾಕತ್ತಿ ಬೀ?”

“ಗಿರಾಕಿ ಮನಿ ಮನಿಗಿ ಹೋಗತೀನಿ. ಕೊಟ್ಟು ಮಾಫ್ ಕೇಳತೀನಿ. ನಮಾಜು ತಪ್ಪಿದ್ರ ಅಲ್ಲಾನ ಮುಂದ ಅತ್ತು ಬೇಡಿದ್ರ ಆಗ್ತದ, ಕೇಶರ. ಮಂದಿ ಹಕ್ಕು ತಿಂದ್ರ ಆ ಮಂದೀನೇ ಮಾಫ್ ಅನ್ನಬೇಕು. ಅಲ್ಲಾ ನಡುವ ಬರಲ್ಲ.”

“ಹುಚ್ಚಿ! ಮೂರು ಕಾಯಿ ಕೊಸರು ಹಾಕೀಯಲ್ಲ ಎಲ್ಲಾರಿಗೂ! ಅದರಾಗ ತೀರ್ತು.”

ಅವಳು ಪುಡಿಕೆ ಕೆಳಗಿಟ್ಟು ನನ್ನ ಮುಖ ನೋಡಿದಳು. “ತೂಕ ಕೊಡಲೇಬೇಕಾದ್ದು. ಕೊಸರು ನಾ ಖುಷೀಲಿ ಕೊಟ್ಟಿದ್ದು. ಕೊಸರನ್ನ ತೂಕದ ಲೆಕ್ಕಕ್ಕ ವಜಾ ಮಾಡಿದ್ರ, ಇಷ್ಟು ವರ್ಷ ನಾ ಖುಷೀಲಿ ಕೊಟ್ಟಿದ್ದು ಏನು ಉಳೀತು, ಹೇಳು?”

ಅವಳು ಮತ್ತೆ ಪುಡಿಕೆ ಎತ್ತಿಕೊಂಡಳು.

ಆ ಮೊಣಕಾಲು ಎಳೆದುಕೊಂಡು ರಾಜೇಶ್ವರ, ಮುಡಬಿ, ಹುಲಸೂರ, ಹುಮನಾಬಾದಿನ ಓಣಿ ಓಣಿ ತಿರುಗಿದಳು. ಎರಡು ಸಲ ನಾನೂ ಜೊತೆಗೆ ಹೋದೆ. ಜನ ಪುಡಿಕೆ ಇಸಿದುಕೊಂಡರು, ಚಹಾ ಕೊಟ್ಟರು, “ಇರಲಿ ಬಿಡು ಬೀ, ಅದರಾಗೇನದ” ಅಂದರು. ಅವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು. “ಮಾಫ್ ಮಾಡಿದೆ ಅನ್ರಿ” ಎಂದು ಕೇಳಿದರೆ ಅವರಿಗೆ ನಗು. “ಅಂಥ ದೊಡ್ಡ ಮಾತು ಯಾಕ!” ಎನ್ನುತ್ತಿದ್ದರು. ಸುಮನಬಾಯಿ ಮೂರು ಪುಡಿಕೆ ಇಸಿದುಕೊಂಡಳು: ತನ್ನದು, ಮಗಳದು, ಸತ್ತ ಅತ್ತೆಯದು. “ಸತ್ತವರದು ನಾ ಹ್ಯಾಂಗ ಮಾಫ್ ಮಾಡ್ಲಿ ಬೀ? ಏಲಕ್ಕಿ ಇರ್ಲಿ,” ಅಂದಳು. ನಾನು ಎಣಿಸಿದ್ದು ಅರವತ್ತೆರಡು ಮನೆ. ಆ ಮಾತನ್ನು ಬಾಯಿಬಿಟ್ಟು ಅಂದವರು ನಾಲ್ವರು.

ಮೃಗಶಿರ ಮಳೆ ಹಿಡಿದ ವಾರ ಅವಳು ಬಜಾರಿಗೆ ಬಂದಳು. ಅವಳ ಮೂರು ಮೊಳದಲ್ಲಿ ಆಗಲೇ ಮೊಬೈಲ್ ಕವರಿನ ಗಾಡಿ ನಿಂತಿತ್ತು. ಅದನ್ನು ಸುತ್ತಿಕೊಂಡು ಬಂದು ನನ್ನ ಕುಂಕುಮದ ತಟ್ಟೆಯ ಪಕ್ಕ ಒಂದು ಪುಡಿಕೆ ಇಟ್ಟಳು.

“ನಿಂದು ಕಡೀದು. ಮೂವತ್ತೊಂದು ವರ್ಷ ನನ್ನ ಹತ್ತಿರಾನೇ ತಗೊಂಡೀದಿ. ಮಾಫ್ ಅನ್ನು.”

ನನಗೆ ಸಿಟ್ಟು ಬಂತು. ಇಡೀ ಊರಿಗೆ ನಾನು ಕೊಸರಿನ ಲೆಕ್ಕ ಹೇಳುತ್ತ ಜಗಳ ಆಡಿದ್ದೆ; ನನ್ನ ಮುಂದೆಯೂ ಇವಳು ಕಳ್ಳಿಯಂತೆ ನಿಲ್ಲುವುದೇ? “ಅನ್ನಲ್ಲ,” ಎಂದೆ. “ತಪ್ಪೇ ಇಲ್ಲದಾಗ ಯಾವ ಮಾಫ್? ತಗೊಂಡು ಹೋಗು ನಿನ್ನ ಏಲಕ್ಕಿ.”

“ಅನ್ನು ಕೇಶರ. ಒಂದು ಮಾತು.”

“ಅನ್ನಲ್ಲ ಅಂದ್ರ ಅನ್ನಲ್ಲ.”

ಮಳೆ ಹನಿ ಬೀಳತೊಡಗಿತ್ತು. ಅವಳು ನನ್ನ ವಿಭೂತಿ ಗಟ್ಟಿಗಳ ಮೇಲೆ ಪ್ಲಾಸ್ಟಿಕ್ ಎಳೆದು ಹೊದಿಸಿದಳು. ಪುಡಿಕೆ ಅಲ್ಲೇ ಬಿಟ್ಟು ಹೋದಳು.

ಹನ್ನೊಂದನೆಯ ದಿನ ಹುಲಸೂರಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು. ಇಶ್ರತ್ ಹೇಳಿದಳು, ಕಡೆಯ ಎರಡು ದಿನ ಯಾರು ಯಾರು ಮಾಫ್ ಅಂದರು, ಯಾರು ಅನ್ನಲಿಲ್ಲ ಎಂದು ಹೆಸರು ಹಿಡಿದು ಹೇಳುತ್ತಿದ್ದಳಂತೆ. ನನ್ನ ಹೆಸರು ಯಾವುದರಲ್ಲಿ ಬಂತು ಎಂದು ನಾನು ಕೇಳಲಿಲ್ಲ. ಕೇಳುವುದೇನಿದೆ.

ಆಮೇಲೆ ಒಂದು ದಿನ ಅಕ್ಕಸಾಲಿ ಗುಂಡಪ್ಪನ ಅಂಗಡಿಗೆ ಹೋಗಿ, ಏಲಕ್ಕಿ ಮೂರು ಕಾಯಿ ತೂಗಿಸಿದೆ. ಸೊನ್ನೆ ಪಾಯಿಂಟ್ ಆರು ಆರು ಬಂತು. ಅವಳ ರೂಪಾಯಿಗೆ ಅದನ್ನು ಕೂಡಿಸಿದರೆ ತೊಲಕ್ಕಿಂತ ಕೂದಲೆಳೆ ಹೆಚ್ಚು. ಬಜಾರಿನಲ್ಲಿ ಹೇಳಿದೆ. “ಹೌದೇನು?” ಎಂದು ಕೇಳಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಸುಮನಬಾಯಿ, “ಪಾಪ, ಛಲೋ ಹೆಣಮಗಳು,” ಅಂದಳು.

ಅವಳನ್ನು ಕಲ್ಯಾಣಕ್ಕೆ ಎಳೆದೊಯ್ದವಳು ನಾನು. ಅಲ್ಲಿ ನಕ್ಕವಳು ನಾನು. ಅವಳಿಂದ ಮಾಫ್ ಕೇಳಬೇಕಾಗಿದ್ದವಳು ನಾನು, ಕೇಳಲಿಲ್ಲ. ಈಗ ಯಾರನ್ನು ಕೇಳಲಿ? ಅಲ್ಲಾ ನಡುವೆ ಬರುವುದಿಲ್ಲ ಎಂದು ಅವಳೇ ಹೇಳಿದ್ದಳು.

ಪುಡಿಕೆಯನ್ನು ವರ್ಷದ ಮೇಲೆ ಬಿಚ್ಚಿದೆ. ಒಳಗೆ ಏಲಕ್ಕಿ, ವಾಸನೆ ಹೋಗಿತ್ತು. ಅದರ ಮೂಲೆಯಲ್ಲಿ ಇನ್ನೊಂದು ಸಣ್ಣ ಚೂರು ಕಾಗದ ಮಡಚಿ ಇಟ್ಟಿದ್ದಳು. ಬಿಡಿಸಿದರೆ ಮೂರು ಕಾಯಿ, ಬೇರೆ.