ಪೂಜೆಗೆ ಕುಳಿತ ಎರಡನೆಯ ಡಿಸ್ಕ್

ನನ್ನ ಕೈಗೆ ಸುಮ್ಮನಿರುವ ಗುಣವಿಲ್ಲ. ಸರಿಯಾಗಿ ಓಡುತ್ತಿದ್ದ ಗಡಿಯಾರವನ್ನು ಬಿಚ್ಚಿ ನಿಲ್ಲಿಸಿದವನು, ಸೋರದ ನಲ್ಲಿಯನ್ನು ಬಿಗಿ ಮಾಡಲು ಹೋಗಿ ಸೋರಿಸಿದವನು ನಾನು. ಕೆರೆದು ಹುಣ್ಣು ಮಾಡಿಕೊಳ್ಳುವ ಈ ಬುದ್ಧಿಯನ್ನು ನನ್ನ ಹೆಂಡತಿ ಮದುವೆಯಾದ ಮೊದಲ ವರ್ಷವೇ ಕಂಡುಕೊಂಡಿದ್ದಳು.

ಬೆಂಗೇರಿಯ ನಮ್ಮ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಆನ್ ಮಾಡಿ, ಚಹಾ ಕುಡಿದು, ಕಪ್ ತೊಳೆದಿಟ್ಟು ಬಂದರೂ ಇನ್ನೂ ಎಚ್ಚರಗೊಳ್ಳುತ್ತಲೇ ಇರುತ್ತಿತ್ತು. ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದರೆ ಚುರುಕಾಗುತ್ತದೆ ಎಂದು ಆಫೀಸಿನಲ್ಲಿ ಯಾರೋ ಅಂದದ್ದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಆದರೆ ಇದ್ದ ವಿಂಡೋಸ್ ತೆಗೆಯುವಂತಿರಲಿಲ್ಲ, ಹೆಂಡತಿ ಚಿತ್ರ ಬರೆಯುವ ತಂತ್ರಾಂಶ ನಡೆಯುತ್ತಿದ್ದದ್ದು ಅದರಲ್ಲಿ ಮಾತ್ರ. ಅದಕ್ಕೇ ಎರಡನೆಯ ಹಾರ್ಡ್ ಡಿಸ್ಕ್ ತಂದೆ. ಹಳೆಯದರಲ್ಲಿ ವಿಂಡೋಸ್, ಹೊಸದರಲ್ಲಿ ಲಿನಕ್ಸ್. ಆನ್ ಮಾಡಿದಾಗ ಯಾವುದು ಬೇಕೋ ಅದನ್ನು ಆರಿಸಿಕೊಂಡರಾಯಿತು.

ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ತವರು ಹೆಬ್ಬಳ್ಳಿ. ನಾಲ್ಕು ವರ್ಷಗಳಿಂದ ಮಕ್ಕಳಿಗಾಗಿ ಲೆಕ್ಕದ ಪುಸ್ತಕವೊಂದನ್ನು ಆ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದಳು. ಸೇಬು ಕಿತ್ತಳೆಗಳ ಲೆಕ್ಕವಲ್ಲ. ಧಾರವಾಡದ ಬಸ್ಸಿಗೆ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು, ಎತ್ತಿನ ಚಕ್ಕಡಿಯಲ್ಲಿ ಎಷ್ಟು ಚೀಲ ಜೋಳ ಹಿಡಿಸಿತು, ಇಂಥವು. ಒಟ್ಟು ನೂರಾ ನಲವತ್ತು ಲೆಕ್ಕ, ಪ್ರತಿಯೊಂದಕ್ಕೂ ಅವಳೇ ಬರೆದ ಚಿತ್ರ. ದಸರಾ ರಜೆ ಮುಗಿದ ಕೂಡಲೇ ಧಾರವಾಡದ ಪ್ರಕಾಶಕರೊಬ್ಬರಿಗೆ ಕೊಡಬೇಕಿತ್ತು.

“ಮೊದಲ ನನ್ನ ಪುಸ್ತಕ ಬ್ಯಾರೆ ಕಡೆ ತಗದ ಇಡ್ರಿ, ಆಮ್ಯಾಲ ಏನರ ಮಾಡ್ಕೋರಿ,” ಎಂದಿದ್ದಳು.

“ಹಳೇ ಡಿಸ್ಕಿಗೆ ನಾ ಕೈನ ಹಚ್ಚೂದಿಲ್ಲ,” ಎಂದೆ ನಾನು.

ಇನ್ನೊಂದು ಮಾತನ್ನು ಹೇಳಲಿಲ್ಲ. ಪುಸ್ತಕದ ಒಂದು ಪ್ರತಿ ಅವಳ ಪೆನ್ ಡ್ರೈವಿನಲ್ಲಿತ್ತು. ಲಿನಕ್ಸ್ ತುಂಬಿಕೊಳ್ಳಲು ನನಗೆ ಬೇರೆ ಪೆನ್ ಡ್ರೈವ್ ಸಿಗಲಿಲ್ಲ, ಅದನ್ನೇ ಅಳಿಸಿದೆ. ಮೂಲ ಹೇಗೂ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ.

ಆ ದಿನ ಖಂಡೇ ಪೂಜೆ, ನಮ್ಮ ಕಡೆಯ ಆಯುಧಪೂಜೆ. ಕುಡುಗೋಲು, ಕತ್ತರಿ, ಹೊಲಿಗೆ ಮಷೀನು, ಸ್ಕೂಟರ್, ಪುಸ್ತಕ, ಪೆನ್ನು ಎಲ್ಲವೂ ಅಂದು ಪೂಜೆಗೆ ಕೂರುತ್ತವೆ. ಕುಂಕುಮ ಬಿದ್ದ ಮೇಲೆ ಮರುದಿನ ಸಂಜೆ ಬನ್ನಿ ಮುಡಿಯುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಇದು ನಮ್ಮ ಅವ್ವನ ಕಾನೂನು, ಅದಕ್ಕೆ ಮೇಲ್ಮನವಿ ಇಲ್ಲ. ಅಷ್ಟರೊಳಗೆ ಮುಗಿಸಿಬಿಡೋಣ ಎಂದು ಸ್ನಾನ ಮಾಡಿದವನೇ ಕಂಪ್ಯೂಟರ್ ಬಿಚ್ಚಿ ಹೊಸ ಡಿಸ್ಕ್ ಜೋಡಿಸಿದೆ. ಇನ್ನೊಂದು ದಿನ ಕಾಯಬಹುದಿತ್ತು, ಆದರೆ ಕಾಯುವವನು ನಾನಾಗಿರಲಿಲ್ಲ.

ಯಾವ ಡಿಸ್ಕಿನಲ್ಲಿ ಹಾಕಬೇಕು ಎಂದು ಲಿನಕ್ಸ್ ಕೇಳಿತು. ಪರದೆಯ ಮೇಲೆ ಎರಡು ಸಾಲು. ಹಳೆಯದರದೇ ಕಂಪನಿ, ಹಳೆಯದರಷ್ಟೇ ಜಾಗದ ಡಿಸ್ಕನ್ನು ಹುಡುಕಿ ತಂದ ಜಾಣ ನಾನು. ಈಗ ಎರಡರ ಹೆಸರೂ ಒಂದೇ, ಅಳತೆಯೂ ಒಂದೇ. ಎರಡನೆಯ ಡಿಸ್ಕ್ ಎರಡನೆಯ ಸಾಲಿನಲ್ಲೇ ಇರಬೇಕು ಎಂದುಕೊಂಡು ಅದನ್ನು ಒತ್ತಿದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದಿತು. ಆಗಲಿ ಎಂದೆ.

ಎರಡು ನಿಮಿಷವಾಗಿರಬೇಕು, ಅವ್ವ ಬಂದು ಗೋಡೆಯ ಸ್ವಿಚ್ ಆರಿಸಿದಳು.

“ಅವ್ವಾ, ಏನ್ ಮಾಡಿದಿ?”

“ಒದ್ದಿ ಅರಬಿಲೆ ಒರಸ್ತೇನಿ. ಶಾಕ್ ಹೊಡದ್ರ ಯಾರಿಗೆ?”

ಅವಳು ಬಟ್ಟೆ ಹಿಂಡುವಷ್ಟರಲ್ಲಿ ಪೆನ್ ಡ್ರೈವ್ ಕಿತ್ತು ಮತ್ತೆ ಆನ್ ಮಾಡಿ ನೋಡಿದೆ. ಕಪ್ಪು ಪರದೆ. ಅದರ ಮೂಲೆಯಲ್ಲಿ, ಕಾರ್ಯಾಚರಣ ವ್ಯವಸ್ಥೆ ಯಾವುದೂ ಸಿಗಲಿಲ್ಲ ಎಂಬ ಒಂದು ಸಾಲು. ಅಳಿಸಿದ್ದು ಹೊಸದನ್ನೋ ಹಳೆಯದನ್ನೋ? ತಿರುಗಿ ನೋಡಿದರೆ ಹೆಂಡತಿ ಹೂವಿನ ತಾಟು ಹಿಡಿದು ನಿಂತಿದ್ದಳು. ತಾಟನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಸದ್ಯ ನೋಡಲಿಲ್ಲ ಎಂದುಕೊಂಡೆ. ಅವ್ವ ಮತ್ತೆ ಸ್ವಿಚ್ ಆರಿಸಿ, ಒರೆಸಿ, ವಿಭೂತಿ ಎಳೆದು ಕುಂಕುಮ ಹಚ್ಚಿ ಮೇಲೊಂದು ಚೆಂಡು ಹೂವಿಟ್ಟಳು.

“ಅವ್ವಾ, ಬರೇ ಐದ ನಿಮಿಷ...”

“ನಾಳಿ ಬನ್ನಿ ಮುಡಿಯೂ ಮಟಾ ಮುಟ್ಟಂಗಿಲ್ಲ. ಅದರ ಜೀವಾನೂ ಒಂದ ದಿನ ತಣ್ಣಗಿರಲಿ.”

ಅದರ ಜೀವ ತಣ್ಣಗಿತ್ತು, ನನ್ನದಿರಲಿಲ್ಲ. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ತಿರುಗಿದೆ. ಹೋಳಿಗೆ ಬಡಿಸಿದರೆ ಒಂದೇ ತಿಂದು ಎದ್ದೆ. ಹೆಂಡತಿ ಹೋಳಿಗೆ ಲಟ್ಟಿಸುತ್ತ ತುಟಿಯಲ್ಲೇ ಏನೋ ಅಂದುಕೊಳ್ಳುತ್ತಿದ್ದಳು, ನಡುನಡುವೆ ಬೆರಳು ಮಡಚುತ್ತಿದ್ದಳು. ಹಬ್ಬದ ದಿನ, ಯಾವುದೋ ಜಪವಿರಬೇಕು ಎಂದುಕೊಂಡೆ. ಒಮ್ಮೆ ಮಾತ್ರ ತಲೆಯೆತ್ತಿ ಅವ್ವನನ್ನು ಕೇಳಿದಳು: “ಅತ್ತೀ, ನಿಮ್ಮ ತವರಮನ್ಯಾಗ ನೆಲದಾಗಿನ ಹಗೇವಿನ್ಯಾಗ ಎಷ್ಟು ಚೀಲ ಜ್ವಾಳ ತುಂಬತಿದ್ರಿ?” ಅವ್ವ ನಲವತ್ತು ಎಂದಳು. ಅವಳು ಮತ್ತೊಂದು ಬೆರಳು ಮಡಚಿದಳು.

ಹೇಳಿಬಿಡಬೇಕು ಎಂದು ಅಡುಗೆಮನೆಯ ಬಾಗಿಲಿಗೆ ನಾಲ್ಕು ಸಲ ಹೋಗಿ, ನಾಲ್ಕು ಸಲವೂ ನೀರು ಕುಡಿದು ಬಂದೆ. “ಇವತ್ತ ಭಾಳ ನೀರಡಿಸೇತಿ ನಿಮಗ,” ಎಂದಳು. ಕುಂಬಳಕಾಯಿ ಕಳ್ಳ ಎಂದವರಿಲ್ಲ, ನಾನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮರುದಿನ ಸಂಜೆ ಬನ್ನಿ ಮರದವರೆಗೆ ನಡೆದೇ ಹೋದೆವು, ಸ್ಕೂಟರೂ ಪೂಜೆಗೆ ಕುಳಿತಿತ್ತಲ್ಲ. ಹಿಂದಿರುಗುವಾಗ ಅವ್ವ ನೆರೆಮನೆಯವರೊಡನೆ ಮುಂದೆ ನಡೆದಳು. ಹೆಂಡತಿ ನಿಂತು ನನ್ನ ಕೈಯಲ್ಲಿ ನಾಲ್ಕು ಎಲೆ ಇಟ್ಟಳು. “ಬನ್ನಿ ತಗೋರಿ. ಬಂಗಾರಧಂಗ ಇರೂಣು.” ಆ ಎಲೆ ಕೈಯಲ್ಲಿ ಹಿಡಿದು ಸುಳ್ಳು ಇಟ್ಟುಕೊಳ್ಳಲು ನನಗೆ ಆಗಲಿಲ್ಲ. ಪೆನ್ ಡ್ರೈವಿನಿಂದ ಕಪ್ಪು ಪರದೆಯವರೆಗೆ ಎಲ್ಲ ಹೇಳಿದೆ.

“ನೋಡೇನಿ. ತಾಟ ಹಿಡ್ಕೊಂಡ ನಿಮ್ಮ ಹಿಂದನ ನಿಂತಿದ್ದೆ. ಪೆನ್ ಡ್ರೈವ್ ಅದಕ್ಕ ಸಿಗಿಸಿದ್ದೂ ಕಂಡೆ.”

“ಮತ್ತ ಬಯ್ಲಿಲ್ಲಲ್ಲ?”

“ಬಯ್ಯಾಕ ಪುರಸೊತ್ತ ಎಲ್ಲೆ ಇತ್ತರಿ? ಲೆಕ್ಕಾ ನೆನಪ ಮಾಡ್ಕೊಳ್ಳಾಕತ್ತಿದ್ದೆ. ಪೆನ್ನ ಪೂಜಿಗೆ ಕುಂತೇತಿ, ಬರಿಯಂಗಿಲ್ಲ. ಮರೀಬಾರದಂತ ನಿನ್ನಿಯಿಂದ ಬಾಯಾಗ ಹೇಳ್ಕೋಂತ ಬಂದೇನಿ. ನೂರಾ ಹನ್ನೊಂದು ಸಿಕ್ಕಾವ.”

ಒಂದೂವರೆ ದಿನ ನಾನು ಹೆದರಿದ್ದು ನನ್ನ ಮುಖ ಉಳಿಯುತ್ತದೋ ಇಲ್ಲವೋ ಎಂದು. ಅವಳು ಅಷ್ಟೂ ಹೊತ್ತು ನಾಲ್ಕು ವರ್ಷದ ಕೆಲಸವನ್ನು ತಲೆಯಲ್ಲಿ ಹೊತ್ತುಕೊಂಡು ಹೋಳಿಗೆ ಮಾಡಿದ್ದಳು. ಬಹಳ ನಾಚಿಕೆಯಾಯಿತು.

ಮನೆಗೆ ಬಂದು ಅವ್ವ ಪೂಜೆ ಕದಲಿಸಿದ್ದೇ ತಡ, ಹೆಂಡತಿ ಕುಂಕುಮ ಮೆತ್ತಿದ ಪೆನ್ನು ಎತ್ತಿಕೊಂಡು ಒಂದು ನೋಟ್‌ಬುಕ್ ಹಿಡಿದು ನೆಲಕ್ಕೆ ಕುಳಿತಳು. ನಾನು ಕಂಪ್ಯೂಟರಿಗೆ ಕುಳಿತೆ. ಆನ್ ಆಗುವಾಗ ಅದು ಮೊದಲು ಯಾವ ಡಿಸ್ಕ್ ನೋಡಬೇಕು ಎಂಬ ಪಟ್ಟಿ ತೆರೆದೆ. ಮೇಲೆ ಕುಳಿತಿದ್ದದ್ದು ನಿನ್ನೆ ಏನೂ ಸಿಗದ ಡಿಸ್ಕ್. ಇನ್ನೊಂದನ್ನು ಮೇಲಕ್ಕೆ ತಂದೆ. ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ವಿಂಡೋಸ್ ಎದ್ದು, ಅವಳು ಬರೆದು ಪರದೆಗೆ ಹಾಕಿಕೊಂಡಿದ್ದ ಚಕ್ಕಡಿಯ ಚಿತ್ರ ಮೂಡಿತು. ಪುಸ್ತಕ ತೆರೆದೆ. ನೂರಾ ನಲವತ್ತೂ ಇದ್ದವು. ನಾನು ಅಳಿಸಿದ್ದು ಹೊಸ ಖಾಲಿ ಡಿಸ್ಕನ್ನೇ.

“ಐತಿ ನೋಡ, ಎಲ್ಲಾ ಐತಿ,” ಎಂದೆ.

ಅವಳು ತಲೆಯೆತ್ತಲಿಲ್ಲ.

“ತಡೀರಿ, ಕಾಗದದ ಮ್ಯಾಲೂ ಒಂದ ಪ್ರತಿ ಇರಲಿ. ಏಳನೇ ಲೆಕ್ಕಾ ಬರಿಯಾಕತ್ತೇನಿ. ನಡುವ ಮಾತಾಡಿದ್ರ ಮರೀತೈತಿ.”

ನಾನು ಕುರ್ಚಿ ಬಿಟ್ಟು ಬಂದು ಅವಳ ಎದುರಿಗೆ ನೆಲದ ಮೇಲೆ ಕುಳಿತೆ. ನೂರಾ ಹನ್ನೊಂದನ್ನೂ ಅವಳು ಬರೆದು ಮುಗಿಸುವವರೆಗೆ ಕೈಕಟ್ಟಿಕೊಂಡು ಸುಮ್ಮನಿದ್ದೆ.