ಟ್ರಂಕಿನ ಮೇಲೆ ಎರಡು ಏಟು

ಕಳೆದ ವಾರ ವನದುರ್ಗದ ಅಕ್ಕನ ಮನೆಗೆ ಕಾಲಿಟ್ಟೊಡನೆ ಬಜೆಯ ವಾಸನೆ ಬಂತು. ಅಕ್ಕನ ಅತ್ತೆ ಕಲ್ಲಿನ ಮೇಲೆ ಬಜೆ ತೇಯುತ್ತಿದ್ದರು. ಅಕ್ಕನ ಮಗಳಿಗೆ ಎರಡು ತುಂಬಿದರೂ ಮಾತು ಬಂದಿಲ್ಲ. ನಾಲಿಗೆಗೆ ಬಜೆ ಸವರಿದರೆ ಬರುತ್ತದೆಂದು ಅವರ ನಂಬಿಕೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ದೇವಾಪುರದ ನಮ್ಮ ಬಾಜೂ ಮನೆ ಚಿಗವ್ವ ಕಣ್ಣ ಮುಂದೆ ಬಂದು ಕೂತಳು...

ಸಂಬಂಧವೇನೂ ಇಲ್ಲ. ಅವ್ವನಿಗಿಂತ ಸಣ್ಣವಳು, ಅದಕ್ಕೇ ಚಿಗವ್ವ. ಗಂಡ ಕಾಲುವೆಯ ತೂಬು ಕಾಯುವವನು. ನೀರು ಬಿಟ್ಟರೆ ಅವನು ದಂಡೆಗೆ, ಇವಳು ಭತ್ತದ ನಾಟಿಗೆ. ಇಬ್ಬರಿಗೂ ಒಬ್ಬಳೇ ಮಗಳು. 'ಬಾ ನನ್ನವ್ವಾ, ಬಾ' ಎಂದು ಕೊನೆಯ 'ಬಾ' ಅನ್ನು ಮೇಲಕ್ಕೆಳೆದು ಚಿಗವ್ವ ಕರೆದರೆ ಓಣಿಯ ಕುರಿಮರಿಗಳೂ ತಿರುಗುತ್ತಿದ್ದವು. ಮಗಳು ತಿರುಗುತ್ತಿರಲಿಲ್ಲ.

ನನಗಾಗ ಹತ್ತೊಂಬತ್ತು. ಪಿಯುಸಿಯಲ್ಲಿ ಎರಡು ಸಲ ಫೇಲಾಗಿದ್ದೆ. ಆ ಸುದ್ದಿ ಓದಿ ಹೇಳಿದ ಕಾಲೇಜಿನ ಗುಮಾಸ್ತರ ಮೂಗುದನಿಯನ್ನು ಮಾತ್ರ ಫಸ್ಟ್ ಕ್ಲಾಸಿನಲ್ಲಿ ಕಲಿತು ಬಂದಿದ್ದೆ. ಊರಿನಲ್ಲಿ ನಾನು ಅಣಕಿಸದ ಬಾಯಿಯಿರಲಿಲ್ಲ. ಸೋತು ಬಂದ ನನ್ನನ್ನು ಅಪ್ಪ ಬೈದದ್ದನ್ನೂ ಮರುದಿನ ಕಟ್ಟೆಯ ಮೇಲೆ ಆಡಿ ತೋರಿಸಿದ್ದೆ, ಅಪ್ಪ ಬರುವವರೆಗೆ.

ಹಿತ್ತಾಳೆ ಕೊಡ ಉರುಳಿಬಿದ್ದರೂ ಮಲಗಿದ ಮಗು ಮಿಸುಕದಿದ್ದ ದಿನದಿಂದ ಚಿಗವ್ವನಿಗೆ ಅನುಮಾನ. ನಾಟಿ ಬಿಟ್ಟು ಶಹಾಪುರಕ್ಕೆ ಹೋದಳು. "ಇನ್ನಾ ಸಣ್ಣಾಕಿ ಅದಾಳ, ಗಡಿಬಿಡಿ ಯಾಕ ಮಾಡ್ತಿ?" ಎಂದು ಡಾಕ್ಟರು ಟಾನಿಕ್ ಬರೆದು ಕಳಿಸಿದರು. ಮನೆಯಲ್ಲಿ ಅವಳ ಅತ್ತೆಯೂ ಬಜೆ ತೇಯ್ದರು. ಯಾದಗಿರಿಯಲ್ಲಿ ಕಿವಿ ನೋಡುವ ಯಂತ್ರವಿದೆಯೆಂದು ಯಾರೋ ಹೇಳಿದ್ದೇ ಅವಳು ಬುತ್ತಿ ಕಟ್ಟಲು ತಯಾರಾದಳು.

ಹೊರಡುವ ಹಿಂದಿನ ಸಂಜೆ ನಾನು ಅವರ ಪಡಸಾಲೆಯಲ್ಲಿದ್ದೆ. ಗಂಡ, "ಕೇಳಸ್ತದ, ಮೊಂಡ ಅದಾಳ ಅಷ್ಟ" ಎಂದ. ಅವಳು, "ಕೇಳ್ಸಂಗಿಲ್ಲ" ಎಂದಳು. ನಡುವೆ ನನ್ನ ನಾಲಿಗೆ ಸುಮ್ಮನಿದ್ದೀತೇ? "ತಡೀರಿ, ನಾ ನೋಡ್ತೀನಿ" ಎಂದೆ. ಮಗು ತಗಡಿನ ಟ್ರಂಕಿನ ಮೇಲೆ ನಮಗೆ ಬೆನ್ನು ಮಾಡಿ ಕೂತಿತ್ತು. ನಾನು ಹಿಂದೆ ನಿಂತು ಬಾಯಲ್ಲೇ ಸುರಪುರದ ಬಸ್ಸು ಬಿಟ್ಟೆ. ಗೇರು, ಹಾರನ್ನು, ಕೊನೆಗೆ ಕಂಡಕ್ಟರ್ ಬಸ್ಸಿನ ಮೈಗೆ ಹೊಡೆಯುವ ಹಾಗೆ ಟ್ರಂಕಿಗೆ ಎರಡು ಏಟು: "ರೈಟ್, ರೈಟ್!"

ಮಗು ಗಕ್ಕನೆ ತಿರುಗಿ ನಕ್ಕಿತು.

ಎಲ್ಲರೂ ನಕ್ಕರು. ಅತ್ತೆ ನನ್ನ ಕೈಗೆ ಬೆಲ್ಲ ಇಟ್ಟರು. ಚಿಗವ್ವ ಅತ್ತಳು, ಸಮಾಧಾನದಿಂದ. ಬುತ್ತಿ ಕಟ್ಟಲಿಲ್ಲ. ಒಂದು ವರ್ಷ ಬಜೆಯೇ ನಡೆಯಿತು...

ಮುಂದಿನ ವರ್ಷವೂ ಮಗುವಿಗೆ ಮಾತು ಬಾರದೆ ಚಿಗವ್ವ ಮತ್ತೆ ಹೊರಟಾಗ ಚೀಲ ಹೊರಲು ನಾನೂ ಹೋದೆ. ಸುರಪುರದ ಆಸ್ಪತ್ರೆಯಲ್ಲಿ ಚೀಟಿ ಕೊಟ್ಟು ಯಾದಗಿರಿಗೆ ಕಳಿಸಿದರು. ಅಲ್ಲಿ ಯಂತ್ರದವರು ವಾರಕ್ಕೊಂದೇ ದಿನ ಬರುತ್ತಿದ್ದರು. ಒಮ್ಮೆ ಅವರು ರಜೆ, ಒಮ್ಮೆ ಕರೆಂಟು ರಜೆ. ಹೋದಲ್ಲೆಲ್ಲ ಒಂದೇ ಮಾತು: "ಇಷ್ಟ್ ದಿನಾ ಏನ್ ಮಾಡಾಕತ್ತಿದ್ದಿ?" ಚಿಗವ್ವ ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುವಳು, ಅಷ್ಟೇ.

ಮೂರನೆಯ ಸಲ ಬಾಗಿಲು ತೆರೆದಿತ್ತು. ಪರೀಕ್ಷೆ ಮಾಡುವ ಹೆಣ್ಣುಮಗಳು ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ನಮ್ಮನ್ನು ದೂರ ಸರಿಸಿದಳು.

"ಕುರ್ಚಿ ಯಾರೂ ಮುಟ್ಟಬ್ಯಾಡ್ರಿ. ಅಲುಗಾಡಿದ್ರ ಸಾಕು, ಕಿವಿ ಕೇಳದಿದ್ರೂ ಕೂಸು ತಿರುಗ್ತದ."

ನನ್ನ ಬಲ ಅಂಗೈ ಉರಿದ ಹಾಗಾಯಿತು. ಚಿಗವ್ವ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಮಗುವಿನ ಬೆನ್ನ ಹಿಂದೆ ಗಂಟೆ, ತಮಟೆ, ಯಂತ್ರದ ಸಿಳ್ಳು ಎಲ್ಲವೂ ಆದವು. ಅದು ತನ್ನ ಅಂಗಿಯ ಗುಂಡಿ ತಿರುವುತ್ತ ಕೂತಿತ್ತು.

ವಾಪಸು ಬರುವಾಗ ಕಂಡಕ್ಟರ್ ಬಸ್ಸಿಗೆ ಎರಡು ಏಟು ಹಾಕಿದ. ಮಗು ಬಾಗಿಲ ಕಡೆ ನೋಡಿತು. ಚಿಗವ್ವ ಅದನ್ನು ಮಡಿಲಿಗೆಳೆದುಕೊಂಡು ಹೇಳಿದಳು:

"ನೀ ಬೇಕಂತ ಮಾಡ್ಲಿಲ್ಲ, ಬಿಡಪಾ. ನನಗ ನಂಬಬೇಕಾಗಿತ್ತು. ನಂಬಿದೆ."

ಬೈದಿದ್ದರೆ ಅದನ್ನೂ ಅಣಕಿಸಿ ಹಗುರಾಗುತ್ತಿದ್ದೆನೇನೋ. ಆ ಮಾತನ್ನು ಮಾತ್ರ ಇವತ್ತಿಗೂ ಆಡಿ ತೋರಿಸಲು ಬಂದಿಲ್ಲ.

ಮತ್ತೊಂದು ವರ್ಷದ ಅಲೆದಾಟದ ಮೇಲೆ ಮಗುವಿನ ಕಿವಿಗೆ ಯಂತ್ರ ಬಂತು. ಮೊದಲೇ ಬಂದಿದ್ದರೆ ಹೆಚ್ಚು ಮಾತು ಕಲಿಯುತ್ತಿದ್ದಳು ಎಂದರು. ಈಗ ಕಲಬುರಗಿಯ ಶಾಲೆಯಲ್ಲಿದ್ದಾಳೆ. ಕೈಸನ್ನೆಯಲ್ಲಿ ಓದುತ್ತಾಳೆ, ಜಗಳ ಮಾಡುತ್ತಾಳೆ, ನನ್ನ ನಡಿಗೆಯನ್ನು ನನಗಿಂತ ಚೆನ್ನಾಗಿ ಅಣಕಿಸುತ್ತಾಳೆ. ಚಿಗವ್ವ ಎರಡು ವರ್ಷದ ಹಿಂದೆ ಕಾಮಾಲೆಯಲ್ಲಿ ಹೋದಳು...

ಅಕ್ಕನ ಅತ್ತೆ ಬಜೆಯ ಕೈ ಒರೆಸಿಕೊಳ್ಳುತ್ತ, "ನಿನ್ನ ಬಸ್ಸ ಬಿಡಪಾ, ಕೂಸಿಗೆ ಕೇಳಸ್ತದಿಲ್ಲೋ ನೋಡೂಣು" ಎಂದರು.

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ ಮಗುವಿನ ಹಿಂದೆ ದೂರ ನಿಂತೆ. ಬಾಯಿ ತೆರೆದರೆ ಬಸ್ಸು ಬರಲಿಲ್ಲ. 'ಬಾ ನನ್ನವ್ವಾ, ಬಾ' ಎಂದು ಚಿಗವ್ವನ ದನಿ ಬಂತು. ಅವಳ ಮಗಳು ಸರಿಯಾಗಿ ಕೇಳದೇ ಹೋದ ದನಿ, ನನ್ನಂಥವನ ಗಂಟಲಲ್ಲಿ ಉಳಿದುಬಿಟ್ಟಿದೆ.

ಅಕ್ಕನ ಮಗಳು ತಿರುಗಿದಳು. ಅತ್ತೆ ಖುಷಿಯಿಂದ ನಕ್ಕರು.

"ತಿರುಗಿದ್ರೂ ನಾಳಿ ಯಾದಗಿರಿಗೆ ಹೋಗೂಣು, ಯಕ್ಕಾ. ಬುತ್ತಿ ಕಟ್ಟು" ಎಂದೆ.

ಅಕ್ಕ ನನ್ನ ಮುಖದಲ್ಲಿ ತಮಾಷೆ ಹುಡುಕಿದಳು. ಸಿಗದೆ, ಎದ್ದು ಹಿಟ್ಟು ನಾದಲು ಹೋದಳು.