ಗುಟ್ಟು ಬಿಟ್ಟುಕೊಟ್ಟ ಬೂಷ್ಟು

ಅಮೆರಿಕದ ಸರಟೋಗಾದ ನಮ್ಮ ಅಡುಗೆಮನೆಯಲ್ಲಿ ಅತ್ತೆ ಚಾಕುವಿನ ತುದಿಯಿಂದ ಚೀಸಿನೊಳಗಿನ ನೀಲಿ ಗೆರೆಗಳನ್ನು ಒಂದೊಂದಾಗಿ ಕೆರೆದು ತೆಗೆಯುತ್ತಿದ್ದರು. ಅದನ್ನು ತಂದುಕೊಟ್ಟ ಪಕ್ಕದ ಮನೆಯ ಇಟಲಿಯ ಹೆಂಗಸು ಎದುರಿಗೇ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಪಾಪ, ಬೂಷ್ಟು ಬಂದಿರೋದು ಅವ್ರಿಗೆ ಗೊತ್ತಾಗಿಲ್ಲ. ಉಪ್ಪಿನಕಾಯಿಗೆ ಬಂದ್ರೆ ಮೇಲಿಂದು ತೆಗೀತೀವಲ್ಲ, ಹಂಗೇ,” ಎಂದರು ಅತ್ತೆ ನನಗೆ.

ಪಕ್ಕದ ಮನೆಯಾಕೆ ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ವಿವರಿಸಿದರು: ಇದು ಗೋರ್ಗೊಂಜೋಲಾ, ಮಿಲಾನ್ ಹತ್ತಿರದ ಊರೊಂದರ ಹೆಸರೇ ಇದಕ್ಕೂ ಬಂದಿದೆ, ಆ ಬೂಷ್ಟನ್ನು ಬೇಕೆಂದೇ ಹಾಲಿಗೆ ಬೆರೆಸಿ ಬೆಳೆಸುತ್ತಾರೆ, ಪಾಸ್ತಾಗೆ ಕರಗಿಸಿ ಹಾಕುತ್ತಾರೆ. ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

“ಓ, ಬೂಷ್ಟಿಗೂ ಹೆಪ್ಪು ಹಾಕ್ತಾರಾ,” ಎಂದ ಅತ್ತೆ ಧೈರ್ಯವಾಗಿ ಒಂದು ಚೂರು ಬಾಯಿಗಿಟ್ಟು, ಇನ್ನೊಂದನ್ನು ನನ್ನತ್ತ ಚಾಚಿದರು.

ನಾನು ಬೇಡವೆಂದೆ. ಬಸುರಿಯರು ಇಂಥ ಮೆತ್ತನೆಯ ನೀಲಿ ಚೀಸು ತಿನ್ನಬಾರದು, ಅದರಲ್ಲಿ ಮಗುವಿಗೆ ಅಪಾಯ ತರುವ ಬ್ಯಾಕ್ಟೀರಿಯಾ ಇರಬಹುದು ಎಂದು ಡಾಕ್ಟರು ಆ ವಾರವಷ್ಟೇ ಹೇಳಿದ್ದರು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡವೆಂದು ನಾನೂ ಗಂಡನೂ ಮಾತಾಡಿಕೊಂಡಿದ್ದೆವು. ನನ್ನ ಚೀಸಿನ ಹುಚ್ಚು ಬಲ್ಲ ಪಕ್ಕದ ಮನೆಯಾಕೆ ಒಂದು ಕ್ಷಣ ನನ್ನ ಮುಖ ನೋಡಿ, ಎದ್ದು ಬಂದು ತಬ್ಬಿಕೊಂಡು “ಕಂಗ್ರಾಜುಲೇಷನ್ಸ್” ಎಂದುಬಿಟ್ಟರು. ಆ ಒಂದು ಇಂಗ್ಲಿಷ್ ಪದ ಅತ್ತೆಗೆ ಗೊತ್ತಿತ್ತು.

ಅತ್ತೆ ಆಗಲೇ ಹಾಸನಕ್ಕೆ ಫೋನು ಮಾಡಿ, “ಬೂಷ್ಟು ತಿನ್ನಲ್ಲ ಅಂದ್ಳು, ಅದಕ್ಕೇ ಗೊತ್ತಾಯ್ತು” ಎಂದರು. ಮಗಳಿಗೆ ಈಗ ಎರಡು ವರ್ಷ. ಹಾಸನದ ನೆಂಟರು ಮಾತ್ರ ಇವತ್ತಿಗೂ ಕೇಳುತ್ತಾರೆ, ಬಸುರಿಯಲ್ಲದಾಗ ನಾವಲ್ಲಿ ದಿನಾ ಬೂಷ್ಟೇ ತಿನ್ನುತ್ತೇವಾ ಎಂದು.